ಪುಟ್ಟಿ ಹಾಡಲಿ ಬಿಡು ಅಣ್ಣಾ

ಎಲ್ಲರಿಗೂ ನಮಸ್ಕಾರ. ಇಷ್ಟೆಲ್ಲ ಟೈಪ್ ಮಾಡಲು ನನ್ನ ಕೈಲಿ ಆಗಲ್ಲ, ಕನ್ನಡಕ ಬೇರೆ ಎಲ್ಲಿಟ್ಟೆನೋ. ಅದಕ್ಕೇ ಮಾತಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ತರಕಾರಿ ಹೆಚ್ಚುತ್ತಾ ಕೇಳಿಸಿಕೊಳ್ಳಿ.

ಬೆಳಗ್ಗೆಯಿಂದ ನಮ್ಮ ಮನೆಯವರ ಗ್ರೂಪಿನಲ್ಲಿ ಇದೇ ಗಲಾಟೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ನಮ್ಮ ಪುಟ್ಟಿ ಸರ್ಕಾರಿ ಶಾಲೆಯ ಕೋರಸ್‌ನಲ್ಲಿ, ಅಂದರೆ ಗುಂಪಾಗಿ ಹಾಡುವ ತಂಡದಲ್ಲಿದ್ದಾಳೆ. ಡಿಸೆಂಬರ್ ಕಾರ್ಯಕ್ರಮಕ್ಕೆ ಹ್ಯಾಂಡೆಲ್ ಅನ್ನೋ ಹಳೇ ಕಾಲದ ಪಾಶ್ಚಾತ್ಯ ಸಂಗೀತಗಾರನ 'ಹಲ್ಲೆಲೂಯಾ' ಹಾಡಿಸುತ್ತಾರಂತೆ, ಕ್ರೈಸ್ತರ ದೇವರ ಸ್ತುತಿ ಅದು. ಹಾಡಲಿ ಅನ್ನೋದಾ ಬೇಡ ಅನ್ನೋದಾ ಅಂತ ಅವಳ ಅಮ್ಮ ಕೇಳಿದಳು. ಅಣ್ಣಾ, ನೀನು ಒಂದೇ ಏಟಿಗೆ "ಹೆಸರು ತೆಗೆಸು, ಇವತ್ತು ಹಾಡು, ನಾಳೆ ಚರ್ಚು" ಅಂತ ಹಾಕಿದೆ. ಅದಕ್ಕೆ ಹನ್ನೊಂದು ಜನ ಕೈ ಮುಗಿಯುವ ಚಿತ್ರ ಒತ್ತಿದ್ದೀರಿ.

ನಾನು ಹಾಸನದಲ್ಲಿ 26 ವರ್ಷ ಶಾಲೆ ಮಕ್ಕಳಿಗೆ ಸಂಗೀತ ಹೇಳಿಕೊಟ್ಟವಳು. ಮೊದಲು ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟೆ ಅನ್ನೋ ಬರೀ ಸ್ವರದ ಪಾಠಗಳು. ಅದಾದ ಮೇಲೆ ಮಲಹರಿ ರಾಗದ ಪಿಳ್ಳಾರಿ ಗೀತೆ, ಮಕ್ಕಳು ಕಲಿಯೋ ಮೊದಲ ಹಾಡು. ಅದು ಪುರಂದರದಾಸರದು, ಗಣಪತಿಯ ಮೇಲೆ. ಕ್ಲಾಸಿನಲ್ಲಿ ಎಲ್ಲ ಮನೆಯ ಮಕ್ಕಳೂ ಇರುತ್ತಿದ್ದರು. ದೇವರಿಲ್ಲದ ಹಾಡನ್ನೇ ಕಲಿಸು ಅಂದಿದ್ದರೆ ನಾನು ಜಂಟೆ ವರಸೆಯಲ್ಲೇ ರಿಟೈರ್ ಆಗುತ್ತಿದ್ದೆ! ಆಗ ನಾವ್ಯಾರೂ ಅದನ್ನು ಧರ್ಮ ಅನ್ನಲಿಲ್ಲ, ಸಂಗೀತ ಅಂದೆವು. ಹ್ಯಾಂಡೆಲ್ ಬಂದ ಕೂಡಲೇ ಅದು ಮತಾಂತರ ಹೇಗಾಯಿತು?

ಒಂದು ವಿಷಯ ಈವರೆಗೆ ಯಾರಿಗೂ ಹೇಳಿಲ್ಲ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು, ಮುಸ್ಲಿಮರ ಮನೆಯವಳು. ಕಂಠ ಅಂದರೆ ಕಂಠ. ಮೇಲಿನ ಷಡ್ಜಕ್ಕೆ ಹೋದರೆ ಅಲ್ಲೇ ನಿಂತುಬಿಡುತ್ತಿದ್ದಳು, ಅಲುಗುತ್ತಿರಲಿಲ್ಲ. ಆದರೆ ಶಾರದಾ ಪೂಜೆ ದಿನ ಎಲ್ಲರೂ ಕೈ ಮುಗಿದು ಹಾಡುವಾಗ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. ನಾನು ಎರಡು ವರ್ಷವೂ ಎಲ್ಲರೆದುರು ಗದರಿದೆ. ಅಹಂಕಾರ ಅಂದುಕೊಂಡಿದ್ದೆ. ಮೂರನೇ ವರ್ಷ ಅವಳ ಅಪ್ಪ ಬಂದರು. ಟೈಲರ್ ಅವರು, ಟೇಪು ಕುತ್ತಿಗೆಯಲ್ಲೇ ಇತ್ತು. "ಮೇಡಂ, ದಾಸರ ಪದ ಕಲಿಸಿ, ವಚನ ಕಲಿಸಿ, ನಮಗೆ ಖುಷಿ. ಪೂಜೆಗೆ ಕೈ ಮುಗಿ ಅಂತ ಮಾತ್ರ ಹೇಳಬೇಡಿ" ಅಂದರು. ಅಷ್ಟೇ. ಜಗಳ ಇಲ್ಲ, ಅರ್ಜಿ ಇಲ್ಲ. ನನಗೆ ಕೂತಲ್ಲೇ ಬೆವರು ಬಂತು. ಆ ವರ್ಷ ಅವಳು ಪ್ರತಿಭಾ ಕಾರಂಜಿಯಲ್ಲಿ ದಾಸರ ಪದವನ್ನೇ ಹಾಡಿ ಬಹುಮಾನ ತಂದಳು. ಪೂಜೆ ದಿನ ಹಾರ್ಮೋನಿಯಂ ಪಕ್ಕ ಕೂತು ಶ್ರುತಿಪೆಟ್ಟಿಗೆ ನೋಡಿಕೊಂಡಳು.

ನನಗೆ ಗೆರೆ ಅಲ್ಲಿ ಕಂಡಿತು ನೋಡಿ. ಹಾಡು ಕಲಿಯೋದು ಬೇರೆ, ಪೂಜೆಗೆ ನಿಲ್ಲಿಸೋದು ಬೇರೆ.

ನಮ್ಮ ಸಂವಿಧಾನದ 28ನೇ ವಿಧಿಯಲ್ಲೂ ಇದೇ ಇದೆ. ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧೆ ಇಲ್ಲ. ಅನುದಾನದ ಶಾಲೆಯಲ್ಲಾದರೂ ಪೂಜೆಗೆ ಮಗುವನ್ನು ಕೂರಿಸಲು ಹೆತ್ತವರ ಒಪ್ಪಿಗೆ ಬೇಕು. ಕೇರಳದ ಮೂರು ಮಕ್ಕಳು ತಮ್ಮ ಧರ್ಮಕ್ಕೆ ಒಗ್ಗಲ್ಲ ಅಂತ ರಾಷ್ಟ್ರಗೀತೆ ಹಾಡಲಿಲ್ಲ, ಸುಮ್ನೆ ಗೌರವದಿಂದ ಎದ್ದು ನಿಂತಿದ್ದರು. ಶಾಲೆಯಿಂದ ತೆಗೆದುಹಾಕಿದರು. 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ತೀರ್ಪು ಕೊಟ್ಟಿತು.

ಅಮೆರಿಕದವರು ಈ ವಿಷಯಕ್ಕೆ ನಮಗಿಂತ ಜಾಸ್ತಿ ಕೋರ್ಟು ಹತ್ತಿದ್ದಾರೆ. ಸರ್ಕಾರಿ ಶಾಲೆ ತಾನೇ ಪ್ರಾರ್ಥನೆ ಹೇಳಿಸಬಾರದು ಅಂತ 1962ರಲ್ಲೇ ಆಯಿತು. ಸೌತ್ ಡಕೋಟದ ಸೂ ಫಾಲ್ಸ್‌ನಲ್ಲಿ ಕ್ರಿಸ್‌ಮಸ್ ಹಾಡುಗಳ ಮೇಲೆ ಕೇಸು ಬಿತ್ತು. ಹಬ್ಬದ ಸಂಸ್ಕೃತಿ ಅಂತ ಪಾಠದ ಭಾಗವಾಗಿ, ಮತಪ್ರಚಾರ ಮಾಡದೆ ಹಾಡಿಸಬಹುದು ಅಂತ 1980ರಲ್ಲಿ ಮೇಲ್ಮನವಿ ಕೋರ್ಟು ಹೇಳಿತು. ಪುಟ್ಟಿ ಇರುವ ನ್ಯೂಜೆರ್ಸಿಯಲ್ಲೇ ಸೌತ್ ಆರೆಂಜ್–ಮೇಪಲ್‌ವುಡ್ ಶಾಲೆಗಳು ಡಿಸೆಂಬರ್ ಕಾರ್ಯಕ್ರಮದಿಂದ ಇಂಥ ಹಾಡುಗಳನ್ನು ಕೈಬಿಟ್ಟವು. ಅದಕ್ಕೂ ಒಬ್ಬ ಪೋಷಕರು ಕೇಸು ಹಾಕಿದರು, 2009ರಲ್ಲಿ ಸೋತರು. ಅಂದರೆ ಹಾಡಿಸಿದರೂ ತಪ್ಪಲ್ಲ, ಬಿಟ್ಟರೂ ತಪ್ಪಲ್ಲ. ನನ್ನ ಕೇಳಿದರೆ ಬಿಡೋದು ನಷ್ಟ. ಒಳ್ಳೆಯ ಕೋರಸ್ ಸಂಗೀತದಲ್ಲಿ ಎಷ್ಟೋ ಕ್ರೈಸ್ತ ಭಕ್ತಿಯ ಹಾಡುಗಳೇ.

ಇನ್ನೊಂದು ತಮಾಷೆ ಕೇಳಿ. ಈ 'ಹಲ್ಲೆಲೂಯಾ' ಇರುವ ಕೃತಿ 'ಮೆಸ್ಸಾಯ' ಮೊದಲು ಹಾಡಿದ್ದು 1742ರಲ್ಲಿ, ಡಬ್ಲಿನ್‌ನಲ್ಲಿ. ಚರ್ಚಿನಲ್ಲಿ ಅಲ್ಲ, ಸಂಗೀತ ಸಭಾಂಗಣದಲ್ಲಿ. ಸಾಲ ತೀರಿಸಲಾಗದೆ ಜೈಲಲ್ಲಿದ್ದವರಿಗೆ, ಆಸ್ಪತ್ರೆಗೆ ಆ ದುಡ್ಡು ಹೋಯಿತು. ಮರುವರ್ಷ ಲಂಡನ್ನಿನಲ್ಲಿ ಹಾಡಿದಾಗ, ದೇವರ ಮಾತನ್ನು ನಾಟಕದ ಮನೆಯಲ್ಲಿ ಹಾಡೋದಾ ಅಂತ ಅಲ್ಲಿಯ ಭಕ್ತರೇ ಸಿಟ್ಟಾದರು. ಅಣ್ಣಾ, ನೀನು ಆಗ ಹುಟ್ಟಿದ್ದರೆ ಅವರ ಜೊತೆಗೇ ಕೂಗುತ್ತಿದ್ದೆ ಬಿಡು.

ಈಗ ಕೆಲಸದ ಮಾತು. ಮಗಳೇ, ನೀನು ಟೀಚರಿಗೆ ಇಷ್ಟು ಕೇಳು. ಕಾರ್ಯಕ್ರಮದಲ್ಲಿ ಬೇರೆ ಬೇರೆ ಕಡೆಯ ಹಾಡುಗಳಿವೆಯಾ, ಇಲ್ಲ ಎಲ್ಲಾ ಒಂದೇ ಹಬ್ಬದವಾ? ನಡೆಯೋದು ಶಾಲೆಯಲ್ಲಾ, ಚರ್ಚಿನಲ್ಲಾ? ಯಾವುದಾದರೂ ಮಗು ಹಾಡಲ್ಲ ಅಂದರೆ ಮಾರ್ಕ್ಸು ಕಳೆಯುತ್ತಾರಾ? ಕೊನೆಯದಕ್ಕೆ ಹೌದು ಅಂದರೆ ಆಗ ನಾನೂ ನಿನ್ನ ಜೊತೆ ಜಗಳಕ್ಕೆ ಬರುತ್ತೇನೆ. ಪುಟ್ಟಿ ಹಾಡಿದರೂ ಸರಿ. ಪಕ್ಕದ ಮಗುವಿಗೆ ಬೇಡ ಅನ್ನೋ ದಾರಿ ಇರಬೇಕು ಅಲ್ವಾ?

ಅಂದಹಾಗೆ, ಇಷ್ಟು ಜನ ಮಾತಾಡಿದಿರಲ್ಲ, ಪುಟ್ಟಿಯನ್ನು ಯಾರಾದರೂ ಕೇಳಿದಿರಾ? ಹದಿಮೂರು ವರ್ಷದ ಹುಡುಗಿ. ಮೊನ್ನೆ ಕಾಲ್ ಮಾಡಿದಾಗ ಹಿಂದೆ ಪಾತ್ರೆ ತೊಳೆಯುತ್ತಾ ಅದೇ ಸಾಲು ಗುನುಗುತ್ತಿದ್ದಳು, ನನಗೆ ಕೇಳಿಸಿತು. ಅದು ಡಿ ಮೇಜರ್ ಅನ್ನೋ ಪಾಶ್ಚಾತ್ಯ ಸ್ವರಶ್ರೇಣಿ, ನಮ್ಮ ಶಂಕರಾಭರಣ ರಾಗದ ಸ್ವರಗಳೇ. ಅವಳದು ಆಲ್ಟೋ ಅಂತೆ, ಕೆಳಗಿನ ಸಾಲು. 'ನಿ' ಸ್ವರ ಸ್ವಲ್ಪ ಇಳಿಯುತ್ತಿತ್ತು. ಮಗಳೇ, ಭಾನುವಾರ ರಾತ್ರಿ ನಿಮ್ಮ ಹತ್ತು ಗಂಟೆಗೆ ಬೇಡ, ನಿಮ್ಮ ಬೆಳಗ್ಗೆಯೇ ಅವಳ ಕೈಲಿ ಕಾಲ್ ಮಾಡಿಸು, ಹಾಡಿಸಿ ನೋಡುತ್ತೇನೆ. ಅಯ್ಯೋ ಹಾಲು ಉಕ್ಕಿತು, ಇಡ್ತೀನಿ.