ಟರ್ನರ್‌ನ ‘ಫಿಶರ್‌ಮೆನ್ ಅಟ್ ಸೀ’ ನಕಲು: ಬೆಳದಿಂಗಳು ಬೆಳಗುತ್ತಿಲ್ಲ, ಏಕೆ?

ಕಡಲತಡಿ:
1796ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಇಂಗ್ಲಿಷ್ ಚಿತ್ರಕಾರ ಟರ್ನರ್ ಮೊದಲ ಬಾರಿಗೆ ಪ್ರದರ್ಶನಕ್ಕಿಟ್ಟ ತೈಲಚಿತ್ರವಿದು. 60×80 ಸೆಂ.ಮೀ. ಕ್ಯಾನ್ವಾಸ್ ಮೇಲೆ ಆಯಿಲ್‌ನಲ್ಲಿ ನಕಲು ಮಾಡುತ್ತಿದ್ದೇನೆ. ತಳಕ್ಕೆಲ್ಲ ದಪ್ಪ ಐವರಿ ಬ್ಲ್ಯಾಕ್, ಅದರ ಮೇಲೆ ಟೈಟಾನಿಯಂ ವೈಟ್ ಬೆರೆಸಿದ ಮೋಡ ಮತ್ತು ಅಲೆ, ಕೊನೆಗೆ ಚಂದ್ರ. ಚಂದ್ರ ಅಂಟಿಸಿದ ಬಿಲ್ಲೆಯ ಹಾಗಿದೆ, ನೀರೆಲ್ಲ ಬೂದು, ಕಪ್ಪು ಅಲ್ಲಲ್ಲಿ ಮಂಕಾಗಿದೆ. ಏನು ಬದಲಿಸಬೇಕು?

ಕಂದುನೆಳಲು:
ತಳವೇ ಬದಲಾಗಬೇಕು. ಕಪ್ಪಿಗೆ ಬಿಳಿ ಬೆರೆಸಿದರೆ ಬರುವ ಬೂದಿನಲ್ಲಿ ಆಳವಿರುವುದಿಲ್ಲ. ಮೂಲಚಿತ್ರದ ಕತ್ತಲು ಕಂದು-ಹಸಿರಿನತ್ತ ವಾಲುತ್ತದೆ, ಅದಕ್ಕೇ ಆ ರಾತ್ರಿಗೆ ಜೀವವಿದೆ.

ಬರ್ನ್ಟ್ ಅಂಬರ್ ಎಂಬ ಗಾಢ ಕಂದನ್ನು ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಕದಡಿ ಇಡೀ ಕ್ಯಾನ್ವಾಸಿಗೆ ಬಳಿಯಿರಿ. ಹಸಿಯಿರುವಾಗಲೇ ಹತ್ತಿಬಟ್ಟೆಯಿಂದ ಚಂದ್ರನ ಸುತ್ತ ಮತ್ತು ಕೆಳಗಿನ ನೀರಿನ ಮೇಲೆ ಒರೆಸಿ ಬೆಳಕು ತೆಗೆಯಿರಿ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಆಮೇಲೆ ಕತ್ತಲಿಗೆ ಅಂಬರ್ 5 ಪಾಲು, ಪ್ರಶಿಯನ್ ಬ್ಲೂ 1 ಪಾಲು. ನೀಲಿ ಒಂಚೂರು ಜಾಸ್ತಿಯಾದರೂ ಉಳಿದದ್ದನ್ನೆಲ್ಲ ನುಂಗಿಬಿಡುತ್ತದೆ. ಈ ಮಿಶ್ರಣವನ್ನು ದಪ್ಪಗೆ ಹಚ್ಚದೆ, ಒಂದು ಒಣಗಿದ ಮೇಲೆ ಇನ್ನೊಂದರಂತೆ ಎರಡು ಮೂರು ತೆಳು ಪದರ ಕೊಡಿ. ಒಳಗಿನ ಕಂದು ಇಣುಕುತ್ತಿರಬೇಕು.

ಬಿಳಿಗೆ ಚೂರು ನೇಪಲ್ಸ್ ಯೆಲ್ಲೋ ಸೇರಿಸಿ ಚಂದ್ರನಿಗೆ ಮಾತ್ರ ಮೀಸಲಿಡಿ. ನೀರಿನ ಹೊಳಪು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿರಲಿ, ಮೋಡದ ಅಂಚಿನದು ಇನ್ನೂ ಕೆಳಗೆ. ಫೋನಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದು ನೋಡಿ: ಚಂದ್ರನಷ್ಟೇ ಬೆಳ್ಳಗಿರುವ ಜಾಗ ಬೇರೆಲ್ಲಾದರೂ ಕಂಡರೆ ಅದನ್ನು ಇಳಿಸಿ.

ನೊರೆತೆರೆ:
ಅಳತೆ ಸರಿಯಾಗಿದೆ. ಮೂಲ 91.4×122.2 ಸೆಂ.ಮೀ., ಅನುಪಾತ ಹೆಚ್ಚುಕಡಿಮೆ ಅದೇ.

ನೀರಿನ ಮೇಲಿನ ಬೆಳಕಿನ ದಾರಿ ಚಂದ್ರನಿಂದ ನೇರ ಕೆಳಕ್ಕೇ ಬರಬೇಕು, ಓರೆಯಾಗಿ ಹೋಗುವಂತಿಲ್ಲ. ಕಡಲು ಕೆರಳಿದಷ್ಟೂ ಅದು ಅಗಲವಾಗಿ ಒಡೆಯುತ್ತದೆ. ದಾರಿಯಿಂದ ಆಚೆಗಿನ ನೊರೆಯನ್ನೂ ಬಿಳಿ ಮಾಡುವುದರಿಂದಲೇ ಅರ್ಧ ನಕಲುಗಳು ಕೆಡುತ್ತವೆ; ಅಲ್ಲಿ ನೊರೆ ನೀರಿಗಿಂತ ತುಸು ತಿಳಿಯಾದರೆ ಸಾಕು. ಎಡಗಡೆ ಇಂಗ್ಲೆಂಡಿನ ‘ಐಲ್ ಆಫ್ ವೈಟ್’ ದ್ವೀಪದ ನೀಡಲ್ಸ್ ಬಂಡೆಗಳನ್ನೂ ಹೊಗೆಯಷ್ಟೇ ಮೆದುವಾಗಿ ಬಿಡಿ.

ದೋಣಿಯ ಲಾಂದ್ರವನ್ನು ಮರೆಯಬೇಡಿ. ಆ ಪುಟ್ಟ ಕೆಂಪುಹಳದಿಯ ಎದುರಲ್ಲೇ ಚಂದ್ರ ತಣ್ಣಗೆ ಕಾಣುವುದು. ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ ಸಾಕು; ಬೆಳಕು ದೋಣಿಯ ಹತ್ತಿರವೇ ನಿಲ್ಲಲಿ.

ಕಡಲತಡಿ:
ಧನ್ಯವಾದ. ಇದೇ ಕ್ಯಾನ್ವಾಸ್ ಮೇಲೆ ಮುಂದುವರಿಸಬಹುದೇ?

ಒಣಗಿದಪದರ:
ಬೇಡ, ಹೊಸದು ತಗೊಳ್ಳಿ. ಐವರಿ ಬ್ಲ್ಯಾಕ್ ಬಹಳ ನಿಧಾನ ಒಣಗುವ ಬಣ್ಣ. ಅದರ ಮೇಲೆ ಬೇಗ ಒಣಗುವ ಅಂಬರ್ ಹಚ್ಚಿದರೆ ಮೇಲ್ಪದರ ಬಿರುಕು ಬಿಡುತ್ತದೆ. ಹೊಸದರಲ್ಲಿ ಮೊದಲ ಪದರದ ಬಣ್ಣಕ್ಕೆ ಬರೀ ಟರ್ಪೆಂಟೈನ್, ಮೇಲೆ ಹೋದಂತೆ ಲಿನ್ಸೀಡ್ (ಅಗಸೆ) ಎಣ್ಣೆ ಹೆಚ್ಚಬೇಕು.

ನಿಮ್ಮ ಕಪ್ಪು ಮಂಕಾದದ್ದು ಕೆಳಪದರ ಎಣ್ಣೆ ಹೀರಿದ್ದರಿಂದ. ಮುಂದೆ ಹಾಗಾದರೆ ಎಣ್ಣೆ-ಟರ್ಪೆಂಟೈನ್ ಸಮಸಮ ಬೆರೆಸಿ, ಒಣಗಿದ ಪದರದ ಮೇಲೆ ತೆಳುವಾಗಿ ಸವರಿ, ಉಳಿದದ್ದನ್ನು ಒರೆಸಿ ತೆಗೆಯಿರಿ. ಬಿಳಿ ಟ್ಯೂಬಿನ ಮೇಲೆ ಜಿಂಕ್ ಆಕ್ಸೈಡ್ ಇದೆಯೇ ನೋಡಿ. ಇದ್ದರೆ ವರ್ಷಗಳ ಮೇಲೆ ಪದರ ಪೆಡಸಾಗಿ ಏಳುತ್ತದೆ. ಹಳೆಯ ಕಾಲದ ಬಿಟುಮೆನ್ (ಡಾಂಬರಿನಂಥ) ಕಂದನ್ನು ಯಾರು ಹೇಳಿದರೂ ಮುಟ್ಟಬೇಡಿ, ಅದು ಪೂರ್ತಿ ಒಣಗುವುದೇ ಇಲ್ಲ.

ವಾರ್ನಿಶ್‌ಗೆ ಕನಿಷ್ಠ 6 ತಿಂಗಳು ಕಾಯಿರಿ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಬುಟ್ಟಿಗೆ ಹಾಕಬೇಡಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತವೆ, ನೀರಿನಲ್ಲಿ ನೆನೆಸಿಡಿ.