‘ಪ್ರಗತಿಪರ ತೆರಿಗೆ’ಗೆ ಬೇರೆ ಮಾತು ಇದೆಯೇ?

ಗೆಳೆಯರಿಗೆ ನಮಸ್ಕಾರ.

ಕಲಬುರಗಿಯ ಗಂಜ್‌ನಲ್ಲಿ ಬೇಳೆ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಸಂಜೆ ಪರೀಕ್ಷೆಗೆ ಓದುವ ಒಂದಷ್ಟು ಹುಡುಗರಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಗಳಿಕೆ ಏರಿದಂತೆ ದರವೂ ಏರುವ ತೆರಿಗೆಗೆ ‘ಪ್ರಗತಿಪರ ತೆರಿಗೆ’ ಅಂತ ಪುಸ್ತಕಗಳಲ್ಲಿ ಇರುತ್ತದೆ. ಹೋದ ವಾರ ಒಬ್ಬ ಹುಡುಗ ಉತ್ತರ ಬರೆದ: ‘ಪ್ರಗತಿಪರ ರೈತರ ಮೇಲೆ ಹಾಕುವ ತೆರಿಗೆ.’ ನಗು ಬಂತು. ಆದರೆ ಅವನದೇನು ತಪ್ಪು? ನಮ್ಮ ಕಡೆ ಪ್ರಗತಿಪರ ಅಂದರೆ ಹೊಸ ತಳಿಯ ತೊಗರಿ ಬೆಳೆದು ಶಾಲು ಹೊದ್ದಿಸಿಕೊಂಡ ರೈತ, ಇಲ್ಲವೇ ವೇದಿಕೆ ಮೇಲಿನ ಚಿಂತಕ. (ಬೇಸಾಯದ ಗಳಿಕೆಗೆ ಆದಾಯ ತೆರಿಗೆಯೇ ಇಲ್ಲ, ಅದು ಬೇರೆ ತಮಾಷೆ.)

‘ಏರುದರದ ತೆರಿಗೆ’ ಅಂದು ನೋಡಿದೆ. ಅದರಲ್ಲೂ ತೊಡಕಿದೆ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ವರ್ಷದ ಗಳಿಕೆ 24 ಲಕ್ಷ ದಾಟಿದರೆ ಶೇ. 30. ಪೂರ್ತಿ ರೊಕ್ಕಕ್ಕೂ ಶೇ. 30 ಅಂತ ಹುಡುಗರು ತಿಳಿಯುತ್ತಾರೆ. ಹಾಗಲ್ಲ, 24 ಲಕ್ಷದ ಮೇಲಿನ ಭಾಗಕ್ಕೆ ಮಾತ್ರ. ‘ಮೆಟ್ಟಿಲು ತೆರಿಗೆ’ ಅಂದಾಗ ಥಟ್ಟನೆ ತಿಳಿಯಿತು. ಒಂದೊಂದು ಮೆಟ್ಟಿಲಿಗೂ ಅದರದೇ ದರ. ಆದರೆ ದೊಡ್ಡ ಸಾವುಕಾರರಿಗೆ ಮೆಟ್ಟಿಲ ಪಕ್ಕದಲ್ಲಿ ಲಿಫ್ಟೂ ಇದೆ. ಷೇರುಪೇಟೆಯ ಷೇರನ್ನು ವರ್ಷದ ಮೇಲೆ ಇಟ್ಟುಕೊಂಡು ಮಾರಿದರೆ, 1.25 ಲಕ್ಷ ದಾಟಿದ ಲಾಭಕ್ಕೆ ಶೇ. 12.5 ಅಷ್ಟೆ. ಸರ್‌ಚಾರ್ಜು, ಅಂದರೆ ತೆರಿಗೆಯ ಮೇಲಿನ ತೆರಿಗೆ, ಸೇರಿಸಿದರೂ ಮೇಲಿನ ಮೆಟ್ಟಿಲಿನ ಸಂಬಳದವನ ಶೇ. 30ರ ಹತ್ತಿರ ಬರುವುದಿಲ್ಲ. ಇದಕ್ಕೂ ಮೆಟ್ಟಿಲು ಅನ್ನುವುದು ಹೇಗೆ?

ನನಗೆ ಜಾಸ್ತಿ ತಲೆ ತಿನ್ನುತ್ತಿರುವುದು ಇದರ ಎದುರುಪದ. ಪುಸ್ತಕದಲ್ಲಿ ‘ಪ್ರತಿಗಾಮಿ ತೆರಿಗೆ’, ಅಂದರೆ ಗಳಿಕೆ ಕಡಿಮೆ ಇದ್ದವನಿಗೇ ಹೆಚ್ಚು ಭಾರವಾಗುವ ತೆರಿಗೆ. ಮೈಸೋಪಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ರಿಂದ 5ಕ್ಕೆ ಇಳಿಯಿತು. ಸಂತೋಷ. ಆದರೆ ಆಗಲೂ ಈಗಲೂ ಚೀಲ ಹೊರುವ ಹಮಾಲನಿಗೂ ದಾಲ್ ಮಿಲ್ ಮಾಲೀಕನಿಗೂ ಒಂದೇ ದರ. ಅಂದಮೇಲೆ ‘ಇಳಿದರ’ ಅನ್ನುವ ಹಾಗಿಲ್ಲ. ದರ ಅಲ್ಲೇ ಇರುತ್ತದೆ, ಗಳಿಕೆಯಲ್ಲಿ ಹೋಗುವ ಪಾಲು ಮಾತ್ರ ಹಮಾಲನದು ಹೆಚ್ಚು. ಇದನ್ನೇ ನಮ್ಮ ಅಂಗಡಿಯ ಹಿರಿಯ ಹಮಾಲರೊಬ್ಬರಿಗೆ ಬಿಡಿಸಿ ಹೇಳಿ, ಏನಂತೀರಿ ಅಂತ ಕೇಳಿದೆ. ಹೆಗಲ ಮೇಲಿನ ಟವೆಲ್‌ನಿಂದ ಮುಖದ ದೂಳು ಒರೆಸಿಕೊಂಡು ಅಂದರು: ‘ಸಾವ್ಕಾರಗ ಸೊಳ್ಳಿ ಕಡದಂಗ್ರಿ, ನಮಗ ಚೇಳ ಕಡದಂಗ.’ ಅರ್ಥ ಪೂರ್ತಿ ಇದೆ. ಆದರೆ ಪರೀಕ್ಷೆಯಲ್ಲಿ ‘ಚೇಳು ತೆರಿಗೆ’ ಅಂತ ಬರೆಸೋಕಾಗಲ್ಲ, ಅಲ್ವಾ?

ಆಮೇಲೆ ಹೊಳೆದದ್ದು ‘ಪಟ್ಟಿ’. ಜಾತ್ರೆಗೆ ಊರಲ್ಲಿ ಪಟ್ಟಿ (ವಂತಿಗೆ) ಎತ್ತುತ್ತಾರಲ್ಲ, ಅದು. ಕೆಲವು ಊರಲ್ಲಿ ಮನೆಗಿಷ್ಟು ಅಂತ ಎಲ್ಲರಿಗೂ ಸಮ. ಕೆಲವು ಕಡೆ ಹೊಲ ನೋಡಿ ಎಕರೆಗಿಷ್ಟು. ಈ ಎರಡು ಬಗೆಗೂ ಬೇರೆ ಬೇರೆ ಹೆಸರು ಇದ್ದಿರಬೇಕು. ಮೊದಲನೆಯದನ್ನು ‘ಮನಿಪಟ್ಟಿ’ ಅನ್ನೋಣ ಅಂದರೆ ಅದು ಪಾಲಿಕೆಗೆ ಕಟ್ಟುವ ಮನೆ ತೆರಿಗೆ ಆಗಿಬಿಡುತ್ತದೆ.

ಬೀದರ್, ಯಾದಗಿರಿ ಕಡೆಯವರು ಊರಿಗೆ ಹೋದಾಗ ದೊಡ್ಡವರನ್ನು ಸ್ವಲ್ಪ ಕೇಳಿ ಬರೆಯಿರಿ. ಯಾರ ಮನೆಯಲ್ಲಾದರೂ ಹಳೆಯ ಜಾತ್ರೆ ಪಟ್ಟಿಯ ಪುಸ್ತಕ ಇದ್ದರೆ, ಹೆಸರುಗಳನ್ನು ಬಿಡಿ, ಮೇಲೆ ತಲೆಬರಹ ಏನಿದೆ ಅಷ್ಟು ತಿಳಿಸಿ.