ರಾತ್ರಿ ಪಾಳಿಯಲ್ಲಿ ಎಷ್ಟು ಜನ?

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಹುಟ್ಟುಹಬ್ಬದ ಶುಭಾಶಯ ಬಿಟ್ಟರೆ ಜಾಸ್ತಿ ಏನೂ ನಡೆಯುವುದಿಲ್ಲ. ಮೊನ್ನೆ ರಾತ್ರಿ ಮಾತ್ರ ಅಣು ವಿದ್ಯುತ್ ಸ್ಥಾವರದ ಬಗ್ಗೆ ಬಂದ ಒಂದು ಫಾರ್ವರ್ಡ್ ಮೇಲೆ ಎರಡೂವರೆ ಗಂಟೆ ವಾದ. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಭಾವ ಮಾತ್ರ ತಮ್ಮ ಮೊದಲ ಮೆಸೇಜ್ ತೆಗೆದುಬಿಡು ಎಂದರು. ತೆಗೆದಿಲ್ಲ, ಅದಿಲ್ಲದೆ ಕತೆಯೇ ಶುರುವಾಗುವುದಿಲ್ಲ. ಅಕ್ಕ ಐಸಿಯು ನರ್ಸ್, ಅವತ್ತು ಅವಳಿಗೆ ರಾತ್ರಿ ಡ್ಯೂಟಿ. ಚಿಕ್ಕಪ್ಪ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಲ್ಲಿ ಶಿಫ್ಟ್ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ನನ್ನ ಕೆಲಸ ಸುರಕ್ಷತಾ ದಾಖಲೆಗಳನ್ನು ಓದುವುದು. ಹಾಗಾಗಿ ಇಂಥ ಫಾರ್ವರ್ಡ್ ಬಂದರೆ ಸುಮ್ನೆ ಇರೋಕೆ ಆಗುವುದಿಲ್ಲ.

ಭಾವ, 8:41
ಫಾರ್ವರ್ಡ್: ಬೆಚ್ಚಿಬೀಳಿಸುವ ಸುದ್ದಿ!! ಅಮೆರಿಕದ ಅಣು ವಿದ್ಯುತ್ ಸ್ಥಾವರದಲ್ಲಿ ಅಪಘಾತವಾದರೆ 30 ನಿಮಿಷದಲ್ಲಿ ಸಹಾಯಕ್ಕೆ ಜನ ಬರಬೇಕಿತ್ತು. ಈಗ ಅದನ್ನು 60 ನಿಮಿಷ, ಕೆಲವರಿಗೆ 90 ನಿಮಿಷ ಮಾಡಿಕೊಂಡಿದ್ದಾರೆ!! ಅಲ್ಲಿಯವರೆಗೆ ಇಡೀ ರಿಯಾಕ್ಟರ್ ಹತ್ತೇ ಜನರ ಕೈಯಲ್ಲಿ!! ಎಲ್ಲರಿಗೂ ಕಳಿಸಿ.

ಭಾವ, 8:42
ನೋಡಿ. ದುಡ್ಡು ಉಳಿಸೋಕೆ ಜನರ ಜೀವದ ಜೊತೆ ಆಟ.

ತಮ್ಮ, 8:44
ಹತ್ತು ಜನ ಯಾಕೆ ಬೇಕು ಭಾವ? ಎಲ್ಲಾ ಆಟೊಮ್ಯಾಟಿಕ್ ಅಲ್ವಾ? ತಾನೇ ಆಫ್ ಆಗುತ್ತೆ.

ಚಿಕ್ಕಪ್ಪ, 8:47
ಆಫ್ ಆದ ಮೇಲೇ ಅಲ್ಲಿ ನಿಜವಾದ ಕೆಲಸ ಶುರು ಕಣೋ. ನಮ್ಮ ಬಾಯ್ಲರ್‌ಗೆ ಬೆಂಕಿ ನಿಲ್ಲಿಸಿದರೆ ಮುಗಿಯಿತು. ರಿಯಾಕ್ಟರ್ ನಿಂತರೂ ಒಳಗಿನ ಇಂಧನ ಬಿಸಿ ಉಗುಳುತ್ತಲೇ ಇರುತ್ತದೆ. ದಿನಗಟ್ಟಲೆ ನೀರು ಓಡಿಸುತ್ತಲೇ ಇರಬೇಕು.

ನಾನು, 8:52
ಭಾವ, ಇದು ಪೂರ್ತಿ ಸುಳ್ಳಲ್ಲ. ಅರ್ಧ ಬರೆದಿದ್ದಾರೆ ಅಷ್ಟೇ. 1979ರಲ್ಲಿ ಅಮೆರಿಕದ ಥ್ರೀ ಮೈಲ್ ಐಲ್ಯಾಂಡ್ ಅಣು ಸ್ಥಾವರದಲ್ಲಿ ಅಪಘಾತ ಆಯಿತು. ಮರುವರ್ಷ ನವೆಂಬರ್‌ನಲ್ಲಿ ಅಮೆರಿಕದ ಅಣು ನಿಯಂತ್ರಣ ಆಯೋಗ ಎನ್‌ಆರ್‌ಸಿ ಮತ್ತು ಅಲ್ಲಿನ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾ ಸೇರಿ ಒಂದು ಮಾರ್ಗಸೂಚಿ ತಂದವು. ಹೆಸರು ನ್ಯೂರೆಗ್-0654. ಅದರಲ್ಲಿ ಬಿ-1 ಅಂತ ಒಂದು ಟೇಬಲ್ ಇದೆ. ಪಾಳಿಯಲ್ಲಿ ಹಗಲು ರಾತ್ರಿ 10 ಜನ. 30 ನಿಮಿಷದೊಳಗೆ ಇನ್ನೂ 11. 60 ನಿಮಿಷದೊಳಗೆ ಮತ್ತೆ 15. ಕಾವಲಿನವರ ಲೆಕ್ಕ ಬೇರೆ. 2019ರ ಡಿಸೆಂಬರ್‌ನಲ್ಲಿ ಇದನ್ನು ಪರಿಷ್ಕರಿಸಿದಾಗ 30 ಮತ್ತು 60 ಇದ್ದದ್ದು 60 ಮತ್ತು 90 ಆಯಿತು.

ಭಾವ, 8:53
ಅಂದ್ರೆ ಫಾರ್ವರ್ಡ್ ಸರಿಯಾಗಿಯೇ ಇದೆ!

ನಾನು, 8:55
ಮಾರ್ಗಸೂಚಿ ಬದಲಾದ ತಕ್ಷಣ ಸ್ಥಾವರದವರು ತಾವಾಗಿಯೇ ಟೈಮ್ ಜಾಸ್ತಿ ಮಾಡಿಕೊಳ್ಳುವ ಹಾಗಿಲ್ಲ ಭಾವ. ತುರ್ತು ಯೋಜನೆಯನ್ನು ದುರ್ಬಲ ಮಾಡುವ ಯಾವ ಬದಲಾವಣೆಗೂ ಮೊದಲೇ ಎನ್‌ಆರ್‌ಸಿ ಒಪ್ಪಿಗೆ ಬೇಕು.

ಭಾವ, 8:56
ಒಪ್ಪಿಗೆ ಕೊಡೋರು ಯಾರು? ಅವರೇ ತಾನೇ ಟೈಮ್ ಜಾಸ್ತಿ ಮಾಡಿದ್ದು? ನೀನು ಯಾವಾಗಲೂ ಸರ್ಕಾರಿ ಕಾಗದದ ಪರ.

(ಇದಕ್ಕೆ ನಾನು ಉತ್ತರ ಕೊಡಲಿಲ್ಲ. ಅವರ ಮಾತಿನಲ್ಲಿ ಹುರುಳಿಲ್ಲ ಎಂದೇನೂ ಅಲ್ಲ.)

ಅತ್ತೆ, 9:01
ಒಂದು ಕೇಳ್ತೀನಿ, ನಗಬೇಡಿ. ಬರೋರು ಎಲ್ಲಿಂದ ಬರ್ತಾರೆ? ಮನೆಯಿಂದಲೇ?

ನಾನು, 9:03
ಹೌದು ಅತ್ತೆ, ರಾತ್ರಿಯಾದರೆ ಮನೆಯಿಂದಲೇ. ತುರ್ತು ಸ್ಥಿತಿಗೆ ನಾಲ್ಕು ಹಂತ ಇದೆ. ಎರಡನೆಯದು ಅಲರ್ಟ್. ಅಲರ್ಟ್ ಅಥವಾ ಅದಕ್ಕಿಂತ ಮೇಲಿನದು ಘೋಷಣೆ ಆದಾಗ ಎಲ್ಲರಿಗೂ ಕರೆ ಹೋಗುತ್ತದೆ. ಗಡಿಯಾರ ಅಲ್ಲಿಂದ ಶುರು.

ಅತ್ತೆ, 9:04
ರಾತ್ರಿ ಕರೆದಾಗ ಕುಡಿದಿದ್ದರೆ?

ತಮ್ಮ, 9:04
ಅತ್ತೆ ಸೂಪರ್ 😂

ನಾನು, 9:06
ನಗಬೇಡ, ಅದಕ್ಕೂ ನಿಯಮ ಇದೆ. ಕೆಲಸಕ್ಕೆ ಬರುವ ಮುಂಚಿನ 5 ಗಂಟೆ ಕುಡಿಯುವ ಹಾಗಿಲ್ಲ. ಇದ್ದಕ್ಕಿದ್ದಂತೆ ಕರೆ ಬಂದರೆ, ಆ 5 ಗಂಟೆಯಲ್ಲಿ ಕುಡಿದಿದ್ದೇನಾ ಇಲ್ಲವಾ ಅಂತ ಅವನೇ ಬಾಯಿಬಿಟ್ಟು ಹೇಳಬೇಕು.

ಚಿಕ್ಕಪ್ಪ, 9:15
ಅಳಿಯಂದಿರೇ, ಸಿಟ್ಟು ಮಾಡ್ಕೋಬೇಡಿ. ನನ್ನ ಲೆಕ್ಕದಲ್ಲಿ ಅರ್ಧ ಗಂಟೆಯೋ ಒಂದು ಗಂಟೆಯೋ ಅನ್ನೋದು ಎರಡನೇ ಪ್ರಶ್ನೆ. ರಾತ್ರಿ ಪಾಳಿಯವರಿಗೆ ಮೊದಲ ಹದಿನೈದು ನಿಮಿಷದಲ್ಲಿ ಹೊರಗಿನಿಂದ ಯಾರೂ ಬರಲ್ಲ. 30 ಇದ್ದಾಗಲೂ ಬರಲ್ಲ, 60 ಇದ್ದಾಗಲೂ ಬರಲ್ಲ. ಸ್ಥಾವರ ಟ್ರಿಪ್ ಆದಾಗ, ಅಂದ್ರೆ ಇದ್ದಕ್ಕಿದ್ದಂತೆ ತಾನಾಗಿ ನಿಂತಾಗ, ಕಂಟ್ರೋಲ್ ರೂಮ್ ಹೇಗಿರುತ್ತೆ ಅಂತ ನಿಮಗೆ ಗೊತ್ತಿಲ್ಲ. ಪ್ಯಾನೆಲ್ ಪೂರ್ತಿ ಮಿನುಗುತ್ತಿರುತ್ತೆ, ಹಾರ್ನ್ ನಿಲ್ಲಲ್ಲ. ಇಬ್ಬರು ಗೇಜ್ ಓದ್ತಿರ್ತಾರೆ. ಒಬ್ಬ ಫೋನ್‌ನಲ್ಲಿ. ಆ ಫೋನ್ ಹಿಡಿದವನು ಇದ್ದೂ ಇಲ್ಲದ ಹಾಗೆ. ಹೆಡ್ ಆಫೀಸಿನವರಿಗೆ ಏನಾಯ್ತು ಏನಾಯ್ತು ಅಂತ ಉತ್ತರ ಕೊಡೋದರಲ್ಲೇ ಅವನ ಆಯಸ್ಸು ಮುಗಿಯುತ್ತೆ.

ನಾನು, 9:18
ಅದಕ್ಕೇ ಆ ಹತ್ತು ಜನರಲ್ಲಿ ಸಂಪರ್ಕಕ್ಕೆ ಅಂತಲೇ ಒಬ್ಬರು. ಲಕ್ಷಣ ಕಂಡ 15 ನಿಮಿಷದೊಳಗೆ ತುರ್ತು ಸ್ಥಿತಿ ಘೋಷಿಸಬೇಕು. ಆಮೇಲಿನ 15 ನಿಮಿಷದೊಳಗೆ ರಾಜ್ಯ ಮತ್ತು ಸ್ಥಳೀಯ ಆಡಳಿತಕ್ಕೆ ತಿಳಿಸಬೇಕು. ಇದೆಲ್ಲ ಪಾಳಿಯಲ್ಲಿ ಇದ್ದವರೇ ಮಾಡಬೇಕಾದದ್ದು.

ಭಾವ, 9:20
ಮಾವ, ನೀವು ಹೇಳೋದು ನನ್ನ ಪರವಾಗಿಯೇ ಇದೆ. ಜನ ಬೇಗ ಬಂದಷ್ಟೂ ಒಳ್ಳೆಯದು ಅಲ್ವಾ? ಹೊಸ ಕಣ್ಣು ಬೇಕು.

ಇಲ್ಲಿ ಭಾವ ತಮಗೇ ಗೊತ್ತಿಲ್ಲದೆ ಒಳ್ಳೆಯ ಏಟು ಹೊಡೆದಿದ್ದರು. ಒಪ್ಪಿಕೊಳ್ಳದೆ ದಾರಿ ಇರಲಿಲ್ಲ.

ನಾನು, 9:27
ಈ ಮಾತು ಒಪ್ಪಿದೆ. ಥ್ರೀ ಮೈಲ್ ಐಲ್ಯಾಂಡ್‌ನಲ್ಲಿ ಆದದ್ದೇ ಅದು. 1979 ಮಾರ್ಚ್ 28, ಬೆಳಗಿನ ಜಾವ 4 ಗಂಟೆ. ಒಂದು ವಾಲ್ವ್ ತೆರೆದು ಹಾಗೇ ಸಿಕ್ಕಿಕೊಂಡಿತು. ತಂಪು ಮಾಡುವ ನೀರು ಅದರಿಂದ ಹೋಗುತ್ತಲೇ ಇತ್ತು. ಪ್ಯಾನೆಲ್‌ನ ದೀಪ ಮಾತ್ರ ಮುಚ್ಚಿದೆ ಅನ್ನುವ ಹಾಗೆ ತೋರಿಸುತ್ತಿತ್ತು. ಆ ದೀಪ ನಿಜವಾಗಿ ಹೇಳುತ್ತಿದ್ದದ್ದು "ಮುಚ್ಚು ಅಂತ ಸಿಗ್ನಲ್ ಹೋಗಿದೆ" ಅಂತ ಮಾತ್ರ. ನೂರಕ್ಕೂ ಜಾಸ್ತಿ ಅಲಾರಂ ಒಟ್ಟಿಗೆ ಹೊಡೆದುಕೊಂಡವು. ಪಾಳಿಯವರು ವ್ಯವಸ್ಥೆಯಲ್ಲಿ ನೀರು ಜಾಸ್ತಿಯಾಗಿದೆ ಅಂದುಕೊಂಡು, ಒಳಗೆ ಬರುತ್ತಿದ್ದ ನೀರನ್ನೇ ಕಡಿಮೆ ಮಾಡಿದರು. ಸುಮಾರು 2 ಗಂಟೆ 20 ನಿಮಿಷ ಆದ ಮೇಲೆ ಮುಂದಿನ ಪಾಳಿಗೆ ಬಂದ ಸೂಪರ್‌ವೈಸರ್ ಒಬ್ಬರಿಗೆ ಅನುಮಾನ ಬಂತು. ಆ ಪೈಪಿನ ಇನ್ನೊಂದು ವಾಲ್ವ್ ಮುಚ್ಚಿಸಿದರು. ಸೋರಿಕೆ ನಿಂತಿತು. ಅಷ್ಟರಲ್ಲಿ ಇಂಧನ ಕೆಟ್ಟಾಗಿತ್ತು.

ಚಿಕ್ಕಪ್ಪ, 9:29
ರಿಲೀವರ್ ಬಂದು ಬಾಗಿಲಲ್ಲಿ ನಿಂತು ಕೇಳುವ ಮೊದಲ ಪ್ರಶ್ನೆ ಇದೆಯಲ್ಲ, ಅದಕ್ಕೆ ಬೆಲೆ ಕಟ್ಟೋಕೆ ಆಗಲ್ಲ. ಒಳಗಿದ್ದವನು ತಾನು ನಂಬಿದ್ದನ್ನೇ ನೋಡ್ತಿರ್ತಾನೆ.

ತಮ್ಮ, 9:31
ಆದರೆ ಅದಕ್ಕೆ 36 ಜನ ಯಾಕೆ? ಒಬ್ಬ ಸಾಕಾಯ್ತಲ್ಲ.

ಚಿಕ್ಕಪ್ಪ, 9:31
ಆ ಒಬ್ಬ ಯಾರು ಅಂತ ಮುಂಚೆ ಗೊತ್ತಿರಲ್ಲ ಮಾರಾಯ.

ನಾನು, 9:34
ಆ ಅಪಘಾತ ಆದ ಮೇಲೆ ಪಾಳಿಗೆ ಒಬ್ಬ ತಾಂತ್ರಿಕ ಸಲಹೆಗಾರನನ್ನೂ ಸೇರಿಸಿದರು. ಅವನು ಕೈ ಹಾಕಿ ಏನೂ ಮಾಡಬೇಕಿಲ್ಲ. ದೂರ ನಿಂತು ಒಟ್ಟು ಚಿತ್ರ ನೋಡಬೇಕು.

ಅಕ್ಕ, 9:48
ಬ್ರೇಕ್ ಸಿಕ್ಕಿತು, ಈಗ ಎಲ್ಲಾ ಓದಿದೆ. ಇವರಿಗೆ ಸಂಜೆಯಿಂದ ಇದೇ ಆಗಿದೆ, ಮನೆಯಲ್ಲೂ ಇದನ್ನೇ ಹೇಳ್ತಿದ್ದರು. ರೀ, ನಮ್ಮಲ್ಲಿ ರಾತ್ರಿ ತಜ್ಞ ಡಾಕ್ಟರ್ ಮನೆಯಿಂದಲೇ ಬರೋದು. ಅವರು ಬರುವವರೆಗೆ ನಾವು ಕೈಕಟ್ಟಿ ಕೂರುತ್ತೀವಾ? ಮೊದಲ ಅರ್ಧ ಗಂಟೆ ನರ್ಸ್‌ಗಳದ್ದೇ. ಗೋಡೆ ಮೇಲೆ ಪಟ್ಟಿ ಇದೆ. ಹೃದಯ ನಿಂತರೆ ಓಡುವವರು ನಾಲ್ಕು, ಬೆಂಕಿ ಬಿದ್ದರೆ ನಾಲ್ಕು. ಒಟ್ಟು ಎಂಟು. ಅಷ್ಟು ಸರಿಯಾಗಿದ್ದರೆ ಸಾಕು.

ಭಾವ, 9:49
ಆಸ್ಪತ್ರೆ ಬೇರೆ, ರಿಯಾಕ್ಟರ್ ಬೇರೆ.

ಅಕ್ಕ, 9:49
ಹೌದಾ? ರಾತ್ರಿ ಮೂರು ಗಂಟೆ ಎರಡೂ ಕಡೆ ಒಂದೇ.

ನಾನು, 10:02
ಅಕ್ಕ ಹೇಳಿದ ಪಟ್ಟಿಯ ವಿಷಯಕ್ಕೇ ಬರ್ತೀನಿ. ಫಾರ್ವರ್ಡ್ ಬರೆದವನಿಗೆ ಕಾಣದೇ ಇದ್ದದ್ದು ಅದೇ. 1980ರ ಆ ಟೇಬಲ್‌ನಲ್ಲಿ ಕೆಲವು ಕೆಲಸಗಳ ಪಕ್ಕ ನಕ್ಷತ್ರ ಗುರುತು ಇದೆ. ಕೆಳಗೆ ನೋಡಿದರೆ, ಪಾಳಿಯಲ್ಲಿ ಬೇರೆ ಕೆಲಸಕ್ಕೆ ಇರುವವರೇ ಇದನ್ನೂ ಮಾಡಬಹುದು ಅಂತ ಅರ್ಥ ಬರುವ ಟಿಪ್ಪಣಿ. ಕಾಗದದಲ್ಲಿ ಎರಡು ಕೆಲಸ, ನಿಂತವನು ಒಬ್ಬ. ಅಗ್ನಿಶಾಮಕ ತಂಡವನ್ನೇ ತೆಗೆದುಕೊಳ್ಳಿ. ಪ್ರತಿ ಪಾಳಿಯಲ್ಲೂ ಕನಿಷ್ಠ 5 ಜನ ಬೇಕು. ಎಷ್ಟೋ ಸ್ಥಾವರಗಳಲ್ಲಿ ಹೊರಗಡೆ ಪಂಪು, ವಾಲ್ವ್ ನೋಡಿಕೊಳ್ಳುವ ಆಪರೇಟರ್‌ಗಳೇ ಆ ತಂಡದಲ್ಲೂ ಇರುತ್ತಾರೆ. ಈಗ ಕೇಬಲ್ ರೂಮಿಗೆ ಬೆಂಕಿ ಬಿತ್ತು, ಅದರಿಂದಲೇ ರಿಯಾಕ್ಟರ್ ಟ್ರಿಪ್ ಆಯಿತು ಅಂದುಕೊಳ್ಳಿ. ಅವನು ನೀರಿನ ಪೈಪ್ ಹಿಡಿಯಬೇಕಾ, ವಾಲ್ವ್ ತಿರುಗಿಸಬೇಕಾ?

ಚಿಕ್ಕಪ್ಪ, 10:03
ಅದೇ. ಅದೇ ಪ್ರಶ್ನೆ.

ನಾನು, 10:08
ಶಿಫ್ಟ್ ಸೂಪರ್‌ವೈಸರ್ ಮಾತ್ರ ಬೆಂಕಿ ತಂಡದಲ್ಲಿ ಇರುವ ಹಾಗಿಲ್ಲ ಅಂತ ಹಳೆಯ ನಿಯಮದಲ್ಲೇ ಇತ್ತು. ಉಳಿದವರ ಕತೆ ಸರಿಹೋಗಿದ್ದು 2011ರ ನವೆಂಬರ್‌ನಲ್ಲಿ. ಅದು ಮಾರ್ಗಸೂಚಿ ಅಲ್ಲ, ಪಕ್ಕಾ ನಿಯಮ. ಪ್ರತಿ ಸ್ಥಾವರವೂ ತನ್ನ ಪಾಳಿಯನ್ನು ಪರೀಕ್ಷೆ ಮಾಡಿ ತೋರಿಸಬೇಕು. ಒಂದೊಂದು ಅಪಘಾತವನ್ನೂ ತೆಗೆದುಕೊಂಡು, ಯಾವ ಹೊತ್ತಿಗೆ ಯಾರು ಎಲ್ಲಿ ಅಂತ ಬರೆಯಬೇಕು. ತುರ್ತು ಕೆಲಸ ವಹಿಸಿದವನಿಗೆ, ಅದನ್ನು ಹೊತ್ತಿಗೆ ಸರಿಯಾಗಿ ಮಾಡಲು ಬಿಡದ ಇನ್ನೊಂದು ಕೆಲಸ ಕೊಡುವ ಹಾಗಿಲ್ಲ. ಹೊರಗಿನವರು 60 ನಿಮಿಷಕ್ಕೆ ಬಂದರೂ ನಡೆಯುತ್ತೆ ಅನ್ನುವ ಧೈರ್ಯ ಬಂದದ್ದಕ್ಕೆ ಇದೂ ಒಂದು ಕಾರಣ. ವಿಕಿರಣ ಎಷ್ಟು ಹರಡಬಹುದು ಅಂತ ಲೆಕ್ಕ ಹಾಕುವ ಕಂಪ್ಯೂಟರ್, ಒಳ್ಳೆಯ ಕಾರ್ಯವಿಧಾನ, ಇವೂ 1980ಕ್ಕಿಂತ ಎಷ್ಟೋ ಮುಂದಿವೆ.

ಭಾವ, 10:11
ಸರಿ, ಒಪ್ಪೋಣ. ಆದರೆ ಭೂಕಂಪ ಆದರೆ? ರಸ್ತೆ ಒಡೆದು ಹೋದರೆ 60 ನಿಮಿಷ ಅಲ್ಲ, 600 ನಿಮಿಷ ಆದರೂ ಬರಲ್ಲ. ಫುಕುಶಿಮಾ ಮರೆತುಬಿಟ್ರಾ?

ತಮ್ಮ, 10:12
ಭಾವ ಈಗ ಫಾರ್ಮ್‌ಗೆ ಬಂದರು.

ನಾನು, 10:20
ಮರೆತಿಲ್ಲ. ಜಪಾನಿನ ಫುಕುಶಿಮಾ ದಾಯಿಚಿ ಅಣು ಸ್ಥಾವರದಲ್ಲಿ ಭೂಕಂಪ ಆದದ್ದು 2011 ಮಾರ್ಚ್ 11, ಶುಕ್ರವಾರ, ಮಧ್ಯಾಹ್ನ 2:46. ಆರು ರಿಯಾಕ್ಟರ್‌ಗಳಲ್ಲಿ ಮೂರು ತಪಾಸಣೆಗೆ ನಿಂತಿದ್ದವು, ಹಾಗಾಗಿ ಗುತ್ತಿಗೆಯವರೂ ಸೇರಿ ಸುಮಾರು 6,400 ಜನ ಅಂಗಳದಲ್ಲಿದ್ದರು. ಇದೇ ಭೂಕಂಪ ರಾತ್ರಿ 2:46ಕ್ಕೆ ಆಗಿದ್ದರೆ? ಅಷ್ಟು ಜನ ಇದ್ದೂ ಒದ್ದಾಡಿದರು. ಕರೆಂಟ್ ಪೂರ್ತಿ ಹೋಗಿ ಮೀಟರ್ ಓದೋಕೂ ಆಗದೆ, ಕಾರು ಬಸ್ಸಿನ ಬ್ಯಾಟರಿ ಕಿತ್ತು ತಂದು ಕಂಟ್ರೋಲ್ ರೂಮಿನಲ್ಲಿ ಜೋಡಿಸಿದರು. 15ನೇ ತಾರೀಕು ಬೆಳಿಗ್ಗೆ ಸುಮಾರು 650 ಜನರನ್ನು ಹೊರಗೆ ಕಳಿಸಿದಾಗ ಉಳಿದವರು 70ರ ಆಸುಪಾಸು.

ಅತ್ತೆ, 10:22
ಉಳಿದವರ ಮನೆಯವರ ಗತಿ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಅವರ ಮನೆಗಳೂ ಅಲ್ಲೇ ಸುತ್ತಮುತ್ತ ತಾನೇ?

ಚಿಕ್ಕಪ್ಪ, 10:23
ಬಹಳ ಜನರದ್ದು. ಸುನಾಮಿಯಲ್ಲಿ ಮನೆ ಏನಾಯ್ತು ಅಂತ ಗೊತ್ತಿಲ್ಲದೆ ಪಾಳಿ ಮಾಡಿದರು.

ನಾನು, 10:30
ಭಾವ, ನಿಮ್ಮ 600 ನಿಮಿಷಕ್ಕೆ ಉತ್ತರ. 2012ರ ಮಾರ್ಚ್‌ನಲ್ಲಿ ಎನ್‌ಆರ್‌ಸಿ ಎಲ್ಲಾ ಸ್ಥಾವರಗಳಿಗೂ ಪತ್ರ ಬರೆದು ಇದನ್ನೇ ಕೇಳಿತು. ಅಂಗಳದ ಎಲ್ಲಾ ರಿಯಾಕ್ಟರ್‌ಗಳಿಗೂ ಒಟ್ಟಿಗೆ ಪೆಟ್ಟು ಬಿದ್ದರೆ ನಿಮ್ಮ ಜನ ಸಾಕಾ ಅಂತ. ಆ ಲೆಕ್ಕಕ್ಕೆ ಹಿಡಿದುಕೊಂಡ ಊಹೆ ಹೀಗಿತ್ತು: ಮೊದಲ 6 ಗಂಟೆ ಹೊರಗಿನಿಂದ ಒಬ್ಬರೂ ಬರಲಾರರು. 24 ಗಂಟೆಯವರೆಗೆ ಬಂದರೂ ಕಷ್ಟಪಟ್ಟು ಕೆಲವರು. ಆ 6 ಗಂಟೆ ಪಾಳಿಯಲ್ಲಿ ಇದ್ದವರೇ ನಡೆಸಬೇಕು.

ಭಾವ, 10:33
6 ಗಂಟೆ ಆದಮೇಲೂ ಅದೇ ಜನ ಅಂದ್ರೆ ನಿದ್ದೆ?

ನಾನು, 10:35
ಮಾಮೂಲಿ ದಿನದಲ್ಲಿ 24 ಗಂಟೆಯಲ್ಲಿ 16 ಗಂಟೆ, 7 ದಿನದಲ್ಲಿ 72 ಗಂಟೆಗಿಂತ ಜಾಸ್ತಿ ದುಡಿಸುವ ಹಾಗಿಲ್ಲ. ತುರ್ತು ಸ್ಥಿತಿ ಘೋಷಣೆ ಆದರೆ ಆ ಮಿತಿ ಅನ್ವಯ ಆಗುವುದಿಲ್ಲ.

ಭಾವ, 10:36
ನೋಡಿದ್ರಾ! ಬೇಕಾದಾಗಲೇ ನಿಯಮ ಇಲ್ಲ!

ಇದಕ್ಕೆ ಚಿಕ್ಕಪ್ಪ ಒಂದು ವಾಯ್ಸ್ ಮೆಸೇಜ್ ಕಳಿಸಿದರು. ನಾಲ್ಕು ನಿಮಿಷದ್ದು. ಅದರಲ್ಲಿ ಮೂರು ನಿಮಿಷ ಅವರ ಹಳೆಯ ಪಾಳಿಯ ಕತೆ. ಉಳಿದ ಒಂದು ನಿಮಿಷದ ಸಾರ ಇಷ್ಟು: ಬದಲಿ ಬಾರದೆ ಇದ್ದಾಗ ಪ್ಯಾನೆಲ್ ಬಿಟ್ಟು ಎದ್ದು ಹೋಗು ಅಂತ ಯಾವ ನಿಯಮವೂ ಹೇಳಲಾರದು. ಅದಕ್ಕೇ ಎರಡನೇ ದಿನದ ಪಟ್ಟಿಯನ್ನು ಮೊದಲ ಗಂಟೆಯಲ್ಲೇ ಬರೆಯಬೇಕು. ಬಂದವರನ್ನೆಲ್ಲ ಒಳಗೆ ತುಂಬಿಕೊಂಡರೆ ನಾಳೆಗೆ ಯಾರೂ ಉಳಿಯುವುದಿಲ್ಲ.

ತಮ್ಮ, 10:44
ಹೊಸ ಚಿಕ್ಕ ರಿಯಾಕ್ಟರ್‌ಗಳಿಗೆ ಇಷ್ಟೊಂದು ಜನ ಬೇಡ ಅಂತ ಓದಿದ್ದೆ.

ನಾನು, 10:46
2023ರ ನವೆಂಬರ್‌ನಲ್ಲಿ ಅವಕ್ಕೆ ಬೇರೆ ನಿಯಮ ಬಂದಿದೆ. ತಲೆ ಎಣಿಸುವ ಬದಲು, ಕೆಲಸ ಆಗುತ್ತೆ ಅಂತ ಅಭ್ಯಾಸ ಮಾಡಿ ತೋರಿಸಬೇಕು. ಕಡಿಮೆ ಜನ ಸಾಕು ಅಂತ ತೋರಿಸಿದರೆ ಸರಿ. ನನಗೆ ಈ ದಾರಿ ಇಷ್ಟ, ಆದರೆ ತೋರಿಸುವ ದಿನ ಯಾವುದು ಅನ್ನೋದು ನೋಡಬೇಕು. ಹಗಲು ಹನ್ನೊಂದು ಗಂಟೆಗೆ, ಮುಂಚೆಯೇ ಹೇಳಿ ಮಾಡಿದ ಡ್ರಿಲ್‌ನಲ್ಲಿ ಯಾರು ತಾನೇ ಫೇಲ್ ಆಗ್ತಾರೆ?

ಚಿಕ್ಕಪ್ಪ, 10:47
ಅಧಿಕಾರಿಗಳು ಹೊಸ ಹೆಲ್ಮೆಟ್ ಹಾಕಿಕೊಂಡು ನಿಂತಿರ್ತಾರೆ 😀

ಭಾವ, 10:49
ಒಟ್ಟಿನಲ್ಲಿ ನನ್ನ ಫಾರ್ವರ್ಡ್ ತಪ್ಪೋ ಸರಿಯೋ? ಒಂದೇ ಮಾತಲ್ಲಿ ಹೇಳು.

ನಾನು, 10:51
ಅಂಕಿ ಸರಿ. ಸಿಟ್ಟು ತಪ್ಪು ಜಾಗದ ಮೇಲೆ. ಎಷ್ಟು ಹೊತ್ತಿಗೆ ಬರ್ತಾರೆ ಅಂತ ಕೇಳಿದಿರಿ. ಈಗಾಗಲೇ ಒಳಗಿರುವ ಹತ್ತು ಹೆಸರು ಹತ್ತು ಜನರದ್ದಾ ಅಂತ ಕೇಳಬೇಕಿತ್ತು.

ಭಾವ, 10:52
ನೀನು ವಕೀಲೆ ಆಗಬೇಕಿತ್ತು.

ಅಕ್ಕ, 11:06
ಒಂದು ನಿಮಿಷ. ಈಗ ಹೋಗಿ ಗೋಡೆ ಮೇಲಿನ ಪಟ್ಟಿ ಮತ್ತೆ ನೋಡಿದೆ. ಎಂಟು ಹೆಸರು ಅಂದಿದ್ದೆ ಅಲ್ವಾ. ಆರೇ ಜನ. ಇಬ್ಬರ ಹೆಸರು ಎರಡೂ ಕಡೆ ಇದೆ.

ಚಿಕ್ಕಪ್ಪ, 11:06
ಯಾರ್ಯಾರದ್ದು?

ಅಕ್ಕ, 11:07
ಒಂದು ನನ್ನದೇ. ಇಷ್ಟು ದಿನ ದಿನಾ ಅದರ ಮುಂದೆಯೇ ಓಡಾಡಿದ್ದೀನಿ.

ಭಾವ, 11:07
ಏನು?? ಈಗ ಏನು ಮಾಡ್ತೀಯ?

ಅಕ್ಕ, 11:09
ಇವತ್ತು ರಾತ್ರಿಗೆ ಪಕ್ಕದ ವಾರ್ಡಿನಿಂದ ಇಬ್ಬರನ್ನು ಬೆಂಕಿ ಪಟ್ಟಿಗೆ ಕೇಳಿದ್ದೀನಿ. ಇನ್‌ಚಾರ್ಜ್‌ಗೆ ಫೋನ್ ಮಾಡಬೇಕು. ಯಾರೂ ಮೆಸೇಜ್ ಹಾಕಬೇಡಿ, ಫೋನ್ ಒಳಗಿಡ್ತಿದ್ದೀನಿ.